ಹಳೇ ಸಿಸ್ಟಮಿನಲ್ಲಿ ಡೇಟಾ ಸಿಡಿ ಓದಿಸುವುದು: ಗ್ರೂಪಿನ ಪ್ರಶ್ನೋತ್ತರ

ಅಡ್ಮಿನ್: ಕಾಸರಗೋಡಿನ ಕಂಪ್ಯೂಟರ್ ಸರ್ವಿಸ್‌ನವರು ಇವತ್ತು ಸಂಜೆ ಗ್ರೂಪಿನಲ್ಲಿ ಇರ್ತಾರೆ. ಯಾವ ಸಿಸ್ಟಮ್, ಯಾವ ಡ್ರೈವ್, ಎಂತ ಎರರ್ ಎಂದು ಬರೆದು ಕೇಳಿ. ವಾಯ್ಸ್ ಮೆಸೇಜ್ ಬೇಡ.

ಬದಿಯಡ್ಕ ಪ್ರೆಸ್: ನಮಸ್ಕಾರ ಅಣ್ಣ. ಪ್ರೆಸ್ಸಿನಲ್ಲಿ ವಿಂಡೋಸ್ 98, ಪುಟ ಜೋಡಿಸಲು ಪೇಜ್‌ಮೇಕರ್. ಕನ್ನಡ ಫಾಂಟಿನ ಲಾಕ್ (ಅದು ಚುಚ್ಚದೆ ಫಾಂಟ್ ನಡೆಯುವುದಿಲ್ಲ) ಪ್ರಿಂಟರ್ ಪೋರ್ಟಿನಲ್ಲಿ ಉಂಟು, ಹಾಗಾಗಿ ಮೆಷಿನ್ ಬದಲಿಸುವ ಹಾಗಿಲ್ಲ. ಮನೆಯ ವಿಂಡೋಸ್ 10ರಲ್ಲಿ ಮ್ಯಾಟರ್, ಫೋಟೋ ಸಿಡಿಗೆ ಹಾಕಿ ತಂದರೆ ಇಲ್ಲಿ ಏನೂ ಕಾಣುವುದಿಲ್ಲ. ವಾಪಸ್ 10ಕ್ಕೆ ಹಾಕಿದರೆ ಎಲ್ಲ ಉಂಟು!

ಸರ್ವಿಸ್: ನಮಸ್ಕಾರ. ಖಾಲಿ ಸಿಡಿ ಹಾಕಿದ ಕೂಡಲೇ ವಿಂಡೋಸ್ 10 ಒಂದು ಪ್ರಶ್ನೆ ಕೇಳ್ತದೆ: ಪೆನ್‌ಡ್ರೈವ್ ಹಾಗೆ ಬಳಸುವುದಾ, ಸಿಡಿ ಪ್ಲೇಯರಿಗಾ ಅಂತ. ಮೊದಲನೆಯದು ಒತ್ತಿದರೆ ಸಿಡಿ ಯುಡಿಎಫ್ (ಡಿಸ್ಕಿನಲ್ಲಿ ಫೈಲ್ ಜೋಡಿಸುವ ಒಂದು ಕ್ರಮ) 2.01ರಲ್ಲಿ ಫಾರ್ಮ್ಯಾಟ್ ಆಗ್ತದೆ. ಯುಡಿಎಫ್‌ನಲ್ಲಿ 98ಕ್ಕೆ ಓದಲು ಬರುವುದು 1.02 ಮಾತ್ರ. ಎಕ್ಸ್‌ಪಿ ಆದರೆ 2.01 ಓದ್ತದೆ, ಅದಕ್ಕೇ ಕೆಲವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ.
ಸಿಡಿ ಬರ್ನ್ ಮಾಡುವ ಇಮ್ಗ್‌ಬರ್ನ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಬಿಲ್ಡ್ ಮೋಡಿನಲ್ಲಿ ಫೈಲ್ ಸಿಸ್ಟಮ್ "ಐಎಸ್ಒ 9660 + ಜೋಲಿಯೆಟ್" ಇಡಿ. ಐಎಸ್ಒ 9660 ಅಂದರೆ ಡೇಟಾ ಸಿಡಿಯ ಹಳೇ ಕ್ರಮ, ಜೋಲಿಯೆಟ್ ಅದಕ್ಕೆ ಉದ್ದ ಹೆಸರಿನ ಪಟ್ಟಿ ಸೇರಿಸ್ತದೆ. 98ಕ್ಕೆ ಎರಡೂ ಬರ್ತದೆ. ಸಿಡಿ-ಆರ್ ಬಳಸಿ, ಆರ್‌ಡಬ್ಲ್ಯೂ ಬೇಡ. ಸ್ಪೀಡ್ 16ಎಕ್ಸ್. ಕೊನೆಗೆ ಡಿಸ್ಕ್ ಕ್ಲೋಸ್ ಮಾಡಿ, ಅಂದರೆ ಮತ್ತೆ ಏನೂ ಸೇರಿಸಲಾಗದ ಹಾಗೆ ಮುಗಿಸಿ. ಫೈಲಿಗೆ ಕನ್ನಡದಲ್ಲಿ ಹೆಸರು ಇಡಬೇಡಿ. ಜೋಲಿಯೆಟ್ ಅದನ್ನು ಸರಿಯಾಗಿಯೇ ಬರೀತದೆ, ಆದರೆ 98ಕ್ಕೆ ಆ ಅಕ್ಷರ ಗೊತ್ತಿಲ್ಲ. ಅಡಿಗೆರೆ ಸಾಲು ಕಾಣ್ತದೆ, ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ.

ಪೆರ್ಲದ ಮಾಷ್ಟ್ರು: ಶಾಲೆಯ ಹಳೇ 486, ಡಾಸ್ 6.22, ಐಡಿಇ ಸಿಡಿ ಡ್ರೈವ್ 4ಎಕ್ಸ್. ಒಂದು ಸಿಡಿಗೆ "ಸಿಡಿಆರ್-101 ನಾಟ್ ರೆಡಿ", ಇನ್ನೊಂದಕ್ಕೆ "ಸಿಡಿಆರ್-103 ನಾಟ್ ಹೈ ಸಿಯೆರಾ ಆರ್ ಐಎಸ್ಒ-9660 ಫಾರ್ಮ್ಯಾಟ್". ಒಂದೇ ಡ್ರೈವಿಗೆ ಎರಡು ಎರರ್ ಯಾಕೆ?

ಸರ್ವಿಸ್: ಎರರ್ ಅಕ್ಷರಶಃ ಬರೆದಿರಿ ಮಾಷ್ಟ್ರೇ, ಅರ್ಧ ಕೆಲಸ ಮುಗಿಯಿತು. ಎರಡೂ ಬಂದದ್ದು ಎಂಎಸ್‌ಸಿಡೆಕ್ಸ್‌ನಿಂದ (ಡಾಸ್‌ಗೆ ಸಿಡಿ ಓದಿಸಿ ಕೊಡುವ ಪ್ರೋಗ್ರಾಂ), ಅಂದರೆ ಡ್ರೈವರ್ ಸರಿಯಾಗಿಯೇ ಲೋಡ್ ಆಗಿದೆ. ಕಾನ್ಫಿಗ್ ಫೈಲ್ ಮುಟ್ಟಬೇಡಿ.
101 ಅಂದರೆ ಲೆನ್ಸಿಗೆ ಸಿಡಿ ಹಿಡಿಯಲೇ ಇಲ್ಲ. ಅದು ಸಿಡಿ-ಆರ್‌ಡಬ್ಲ್ಯೂ ಆಗಿರಬೇಕು, ಮೇಲ್ಮೈ ನೋಡಿ. ಪ್ರೆಸ್ ಮಾಡಿದ ಸಿಡಿ ಸುಮಾರು 70 ಶೇಕಡಾ ಬೆಳಕು ವಾಪಸ್ ಕೊಟ್ಟರೆ ಆರ್‌ಡಬ್ಲ್ಯೂ ಕೊಡುವುದು 15ರಿಂದ 25. 1997ಕ್ಕಿಂತ ಹಿಂದಿನ ಡ್ರೈವಿಗೆ ಅಷ್ಟು ಸಾಲುವುದಿಲ್ಲ. ಸಿಡಿ-ಆರ್‌ಗೆ ಕಾಪಿ ಮಾಡಿದರೆ ಮುಗಿಯಿತು.
103 ಅಂದರೆ ಸಿಡಿ ತಿರುಗಿತು, ಓದಿತು, ಆದರೆ ಬೇಕಾದ ಗುರುತು ಸಿಗಲಿಲ್ಲ. ಐಎಸ್ಒ 9660ರಲ್ಲಿ ಮೊದಲ 16 ಸೆಕ್ಟರ್ (ಡೇಟಾದ ತುಂಡು) ಬಿಟ್ಟಿರ್ತದೆ, ಒಂದೊಂದು 2048 ಬೈಟ್. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಅವುಗಳ ಮುಂದಿನದೇ 16ನೇ ನಂಬರ್. ಆ ಸೆಕ್ಟರಿನಲ್ಲಿ, ಮೊದಲ ಬೈಟಿನ ನಂತರ "ಸಿಡಿ001" ಅಂತ ಐದು ಅಕ್ಷರ ಇರಬೇಕು. ಡಾಸ್ ಹುಡುಕುವುದು ಅದನ್ನೇ. ಆಡಿಯೋ ಸಿಡಿ, ಬರೀ ಮ್ಯಾಕ್‌ನ ಎಚ್‌ಎಫ್‌ಎಸ್ ಸಿಡಿ, ಬರೀ ಯುಡಿಎಫ್ ಸಿಡಿ, ಯಾವುದರಲ್ಲೂ ಅದು ಇಲ್ಲ. ಬರ್ನ್ ಮಾಡಿದ ಸಿಡಿಯಾದರೆ ಬದಿಯಡ್ಕದವರಿಗೆ ಹೇಳಿದ್ದೇ ನಿಮಗೂ. ಡಾಸ್‌ಗೆ ಜೋಲಿಯೆಟ್ ಕಾಣುವುದಿಲ್ಲ. ಹೆಸರು 8 ಅಕ್ಷರ, ಚುಕ್ಕಿ, 3 ಅಕ್ಷರ ಇಟ್ಟರೆ ಗೊಂದಲ ಇಲ್ಲ.

ಉಪ್ಪಳ: ಅಣ್ಣ, ವಿಂಡೋಸ್ 98ರಲ್ಲಿ ಸಿಡಿ ಖಾಲಿ ತೋರಿಸ್ತದೆ, ಎಂತ ಮಾಡುವುದು?

ಸರ್ವಿಸ್: ಮೇಲೆ ಉಂಟು.

ಮಂಜೇಶ್ವರ: ಬೇರೆ ಗ್ರೂಪಿನಿಂದ ಬಂದದ್ದು, ಎಲ್ಲರಿಗೂ ಉಪಯೋಗ ಆಗಬಹುದು: "ಓದದ ಸಿಡಿಗೆ ಟೂತ್‌ಪೇಸ್ಟ್ ಉಜ್ಜಿ, ಬಾಳೆಹಣ್ಣಿನ ಸಿಪ್ಪೆ ತಿಕ್ಕಿ, ರಾತ್ರಿ ಫ್ರೀಜರಿನಲ್ಲಿ ಇಡಿ. 100% ಗ್ಯಾರಂಟಿ."

ಸರ್ವಿಸ್: ಇದನ್ನು ಯಾರೂ ಮಾಡಬೇಡಿ. ಫ್ರೀಜರಿನಿಂದ ತೆಗೆದ ಸಿಡಿ ನಮ್ಮ ಊರಿನ ಹವೆಗೆ ಬೆವರ್ತದೆ, ನೀರು ಅಂಚಿನಿಂದ ಪದರದೊಳಗೆ ಹೋಗ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಉಂಟು. ಸುತ್ತಲೂ ಉಜ್ಜಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳ್ತದೆ, ಆಮೇಲೆ ಯಾವ ಡ್ರೈವಿಗೂ ಆಗಲಿಕ್ಕಿಲ್ಲ. ಥಿನ್ನರ್ ಮುಟ್ಟಿಸಿದರೆ ಪ್ಲಾಸ್ಟಿಕ್ಕೇ ಹೋಯಿತು. ಸಾಬೂನು ಒಂದು ತೊಟ್ಟು, ನೀರು, ಹತ್ತಿ ಬಟ್ಟೆ ಸಾಕು. ಒರೆಸುವುದು ನಡುವಿನಿಂದ ಹೊರಕ್ಕೆ ನೇರ. ಇನ್ನೊಂದು: ಡೇಟಾ ಇರುವುದು ಮೇಲಿನ ಲೇಬಲ್ಲಿನ ಅಡಿಗೇ. ಅಡಿಯ ಪ್ಲಾಸ್ಟಿಕ್ 1.2 ಮಿಲಿಮೀಟರ್ ದಪ್ಪ, ಸಣ್ಣ ಗೀರು ತಡೀತದೆ. ಲೇಬಲ್ ಕಡೆಯ ಗೀರಿಗೆ ಔಷಧ ಇಲ್ಲ. ಸ್ಟಿಕರ್ ಅಂಟಿಸಿದ್ದರೆ ಕೀಳಬೇಡಿ, ಬೆಳ್ಳಿ ಪದರವೇ ಎದ್ದು ಬರ್ತದೆ.

ಮಂಜೇಶ್ವರ: ಒಳ್ಳೇದಕ್ಕೇ ಹಾಕಿದ್ದು. ಹೀಗೆ ಹೇಳುವ ಅಗತ್ಯ ಇರಲಿಲ್ಲ.

ಕುಂಬಳೆ: ಒಂದು ಮಾತು ಕೇಳ್ತೇನೆ. 98 ಇಟ್ಟುಕೊಂಡು ಪರದಾಡುವುದು ಯಾಕೆ? ಪೂರ್ತಿ ಯುನಿಕೋಡಿಗೆ ಹೋಗಿ ಮಾರಾಯ್ರೇ.

ಬದಿಯಡ್ಕ ಪ್ರೆಸ್: ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬರುವುದಿಲ್ಲ ಅಂತ ಗೊತ್ತುಂಟಾ ನಿಮಗೆ? ಕನ್ವರ್ಟ್ ಮಾಡಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗ್ತದೆ. 200 ಪುಟದ ಸ್ಮರಣ ಸಂಚಿಕೆ ಪುನಃ ಪ್ರೂಫ್ ಓದುವವರು ಯಾರು, ನೀವಾ?

ಕುಂಬಳೆ: ಕನ್ವರ್ಟರ್ ಸರಿಯಾದ್ದು ಹಾಕಿದರೆ ಹೋಗುವುದಿಲ್ಲ.

ಬದಿಯಡ್ಕ ಪ್ರೆಸ್: ಸರಿಯಾದ್ದು ಯಾವುದು, ಹೇಳಿ.

ಕುಂಬಳೆ: ಹುಡುಕಿದರೆ ಸಿಗ್ತದೆ.

ಬದಿಯಡ್ಕ ಪ್ರೆಸ್: ಹಾಂ, ಸಿಗ್ತದೆ. ನಾಳೆ ಪ್ರೆಸ್ಸಿಗೆ ಬಂದು ಹುಡುಕಿ ಕೊಡಿ.

ಅಡ್ಮಿನ್: ಇಬ್ಬರೂ ಪರ್ಸನಲ್ಲಿಗೆ ಹೋಗಿ.

ನೀರ್ಚಾಲು: ಹೊರಗಿನ ಯುಎಸ್‌ಬಿ ಡಿವಿಡಿ ಡ್ರೈವಿಗೆ ಈಗ ಎಷ್ಟು ಕ್ರಯ?

ಮುಳ್ಳೇರಿಯ: ಅಣ್ಣ, ದೇವಸ್ಥಾನದ ಬ್ರಹ್ಮಕಲಶದ ಸಿಡಿ, 2003ರದ್ದು, ಸಿಡಿ-ಆರ್. ನಾಲ್ಕು ಸಲ ಬರ್ನ್ ಮಾಡಿದ್ದಂತೆ. ಈಗ ಬರೀ ಎರಡು ಫೈಲ್ ಕಾಣ್ತದೆ, 3 ಎಂಬಿ. ಫೋಟೋ ಒಂದೂ ಇಲ್ಲ. ನಡುವಿನ ತೂತಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಉಂಟು. ಒಳ್ಳೆಯ 52ಎಕ್ಸ್ ಡ್ರೈವಿಗೆ ಹಾಕಿ ನೋಡ್ತೇನೆ.

ಸರ್ವಿಸ್: ಹಾಕಬೇಡಿ! ಈಗ ಡ್ರೈವಿನಲ್ಲಿ ಇದ್ದರೆ ತೆಗೆಯಿರಿ.
52ಎಕ್ಸ್ ಡ್ರೈವ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸ್ತದೆ. ತೂತಿನ ಬಿರುಕು ಆ ಎಳೆತಕ್ಕೆ ಅಂಚಿನವರೆಗೆ ಓಡಿ ಸಿಡಿ ಒಳಗೇ ಚೂರಾಗ್ತದೆ. ಬಿರುಕಿಗೆ ಗಮ್, ಟೇಪ್ ಹಚ್ಚಬೇಡಿ, ತೂಕ ಒಂದು ಬದಿಗೆ ವಾಲಿದರೆ ಇನ್ನೂ ಕಷ್ಟ.
ಮೊದಲು ಸ್ಕೇಲ್ ಹಿಡಿದು ಅಳೆಯಿರಿ. ತೂತು 15 ಮಿಲಿಮೀಟರ್ ಅಗಲ. ಡೇಟಾ ಶುರುವಾಗುವುದು ಸಿಡಿಯ ಕೇಂದ್ರದಿಂದ 25 ಮಿಲಿಮೀಟರ್ ದೂರದಲ್ಲಿ, ಅದಕ್ಕೆ 2 ಮಿಲಿಮೀಟರ್ ಒಳಗಿನಿಂದ ಲೀಡ್-ಇನ್ (ಡ್ರೈವ್ ಮೊದಲು ಓದುವ ಜಾಗ). ಬಿರುಕು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ನಿಂತಿದ್ದರೆ ಒಂದು ಸಲ ಓದಿಸಬಹುದು. ಬೆಳ್ಳಿ ಬಳೆಗೆ ತಾಗಿದ್ದರೆ ತಿರುಗಿಸಲೇಬೇಡಿ.
ಫೋಟೋ ಹೋಗಿರಲಿಕ್ಕಿಲ್ಲ. ಸಿಡಿಯ ಅಡಿಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಸುಟ್ಟ ಭಾಗದ ಬಣ್ಣ ಬೇರೆ ಇರ್ತದೆ. ಒಳಗಿನಿಂದ ಹೊರಕ್ಕೆ ಅಗಲವಾದ ಬಳೆ, ನಡುನಡುವೆ ತೆಳು ಗೆರೆ ಕಂಡರೆ ಅಷ್ಟೂ ಡೇಟಾ ಅಲ್ಲೇ ಉಂಟು. 3 ಎಂಬಿಗೆ ಅಷ್ಟು ಅಗಲ ಬೇಡ. ಆದದ್ದು ಇಷ್ಟು: ಪ್ರತಿ ಸೆಷನ್ನಿಗೂ, ಅಂದರೆ ಒಂದೊಂದು ಸಲದ ಬರ್ನಿಗೂ, ಅದರದೇ ಫೈಲ್ ಪಟ್ಟಿ. ಹೊಸ ಸೆಷನ್ ಹಾಕುವಾಗ ಹಳೆಯದನ್ನು ಇಂಪೋರ್ಟ್ ಮಾಡದಿದ್ದರೆ ಹೊಸ ಪಟ್ಟಿಯಲ್ಲಿ ಹಳೆ ಫೈಲಿನ ಹೆಸರೇ ಇರುವುದಿಲ್ಲ. ವಿಂಡೋಸ್ ನೋಡುವುದು ಕೊನೆಯ ಪಟ್ಟಿ.
ಹಳೇ 4ಎಕ್ಸ್ ಅಥವಾ 8ಎಕ್ಸ್ ಐಡಿಇ ಡ್ರೈವ್ ಹುಡುಕಿ. ಹೊಸ ಡ್ರೈವಿಗೆ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಕಡಿಮೆ ಮಾಡಬಹುದು, ಆದರೆ ಸಿಡಿ ಹಾಕಿದ ಮೊದಲ ಕ್ಷಣ ಅದು ತನ್ನಿಷ್ಟಕ್ಕೆ ಜೋರು ತಿರುಗುವುದುಂಟು. ಹಳೆಯದಕ್ಕೆ ಅಷ್ಟು ಶಕ್ತಿಯೇ ಇಲ್ಲ. ಫೈಲ್ ಒಂದೊಂದಾಗಿ ಎಳೆಯಬೇಡಿ, ಲೆನ್ಸ್ ಹಿಂದೆ ಮುಂದೆ ಓಡಿ ಸಿಡಿ ಹೆಚ್ಚು ಹೊತ್ತು ತಿರುಗ್ತದೆ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ (ಹಾಳಾದ ಡಿಸ್ಕಿನಿಂದ ಡೇಟಾ ತೆಗೆಯುವ ಪ್ರೋಗ್ರಾಂ) ಹಾಕಿ ಪೂರ್ತಿ ಇಮೇಜ್, ಅಂದರೆ ಇಡೀ ಸಿಡಿಯ ನಕಲು ಒಂದೇ ಫೈಲಿಗೆ, ತೆಗೆಯಿರಿ, ಬ್ಲಾಕ್ ಸೈಜ್ 2048, ಎಲ್ಲಿವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್‌ಫೈಲ್ ಕೊಡಲು ಮರೆಯಬೇಡಿ. ಸೆಷನ್ ನಡುವಿನ ಜಾಗದಲ್ಲಿ ಎರರ್ ಬಂದೇ ಬರ್ತದೆ, ಅಲ್ಲಿ ಡೇಟಾ ಇಲ್ಲ, ಹೆದರಬೇಡಿ. ಆ ಇಮೇಜನ್ನು ಮೌಂಟ್ ಮಾಡಿದರೆ (ಸಿಡಿಯ ಹಾಗೆ ತೆರೆದರೆ) ಮೊದಲ ಸೆಷನ್ ತೆರೀತದೆ, ಯಾಕೆಂದರೆ ಇಮೇಜಿನ 16ನೇ ಸೆಕ್ಟರಿನಲ್ಲಿ ಇರುವುದು ಅದರ ಪಟ್ಟಿ. ಉಳಿದ ಸೆಷನ್ ಪ್ರತಿಯೊಂದರ ಶುರುವಿನ ಸೆಕ್ಟರ್ ಕೊಟ್ಟು ಮೌಂಟ್ ಮಾಡಬೇಕು, ಅದಕ್ಕೆ ಎಸ್‌ಬಿಸೆಕ್ಟರ್ ಎಂಬ ಆಪ್ಶನ್ ಉಂಟು. ಆ ನಂಬರಿಗಾಗಿ ಸಿಡಿ ಡ್ರೈವಿನಲ್ಲಿ ಇರುವಾಗಲೇ ಟಿಒಸಿ (ಯಾವ ಸೆಷನ್ ಎಲ್ಲಿ ಶುರು ಎಂಬ ಸಿಡಿಯ ಪಟ್ಟಿ) ಬರೆದಿಟ್ಟುಕೊಳ್ಳಿ.

ಮಂಜೇಶ್ವರ: ಗಮ್ ಹಚ್ಚಿದರೆ ಆಗ್ತದೆ ಅಂತ ಒಂದು ವಿಡಿಯೋ ಉಂಟು, ಹಾಕಲಾ?

ಸರ್ವಿಸ್: ಬೇಡ.

ಉಪ್ಪಳ: ಮೇಲೆ ಎಲ್ಲಿ ಉಂಟು ಅಂತ ಹೇಳಬಹುದಲ್ಲ. ಇಷ್ಟು ಉದ್ದ ಯಾರು ಓದುವುದು?

ಪೆರ್ಲದ ಮಾಷ್ಟ್ರು: ಓದಲು ಬೇಸರ ಇರುವವರು ಕೇಳುವುದು ಯಾಕೆ?

ಉಪ್ಪಳ: ನಿಮ್ಮನ್ನು ಕೇಳಲಿಲ್ಲ ಮಾಷ್ಟ್ರೇ.

ಕುಂಬಳೆ: ಲಿನಕ್ಸ್ ಬರದಿದ್ದರೆ ವಿಂಡೋಸಿಗೆ ಐಸೊಬಸ್ಟರ್ ಉಂಟು, ಎಡಗಡೆ ಎಲ್ಲ ಸೆಷನ್ ಸಾಲಾಗಿ ಕಾಣ್ತದೆ. ಅದನ್ನೂ ಹೇಳಬಹುದಿತ್ತು.

ಸರ್ವಿಸ್: ಬಿರುಕಿಲ್ಲದ ಸಿಡಿಗೆ ಧಾರಾಳ. ಇದಕ್ಕೆ ಮೊದಲು ಇಮೇಜ್, ಆಮೇಲೆ ನೋಡುವುದು.

ಮುಳ್ಳೇರಿಯ: ಅಳೆದೆ ಅಣ್ಣ. ಬಿರುಕು ತೂತಿನಿಂದ 4 ಮಿಲಿಮೀಟರ್, ಬೆಳ್ಳಿಗೆ ತಾಗಿಲ್ಲ. ಅಗಲ ಬಳೆ ಕಾಣ್ತದೆ. ಶಾಲೆಯಲ್ಲಿ 8ಎಕ್ಸ್ ಡ್ರೈವ್ ಸಿಕ್ಕಿತು, ನನ್ನ ಲ್ಯಾಪ್‌ಟಾಪಿಗೆ ಹೇಗೆ ಕೊಡುವುದು?

ಸರ್ವಿಸ್: ಐಡಿಇಯಿಂದ ಯುಎಸ್‌ಬಿಗೆ ಕನ್ವರ್ಟರ್ ಕೇಬಲ್, ಜತೆಗೆ ಅದರ ಪವರ್ ಅಡಾಪ್ಟರ್. ಡ್ರೈವಿನ ಹಿಂದೆ ಜಂಪರ್ ಮಾಸ್ಟರಿಗೆ ಹಾಕಿ. ಮೊದಲು ಬೇಡದ ಸಿಡಿ ಒಂದನ್ನು ಹಾಕಿ ಇಮೇಜ್ ಪೂರ್ತಿ ಬರ್ತದಾ ನೋಡಿ. ಆಮೇಲೆ ಇದು.