ಸ್ಪ್ಯಾನಿಷ್ ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ: ಎಲ್ಲಿಗೆ ಹೋಗಲಿ?

ಪ್ರಶ್ನೆ:
ಜೆಎನ್‌ಯುನಲ್ಲಿ ಸ್ಪ್ಯಾನಿಷ್ ಎಂಎ ಮುಗಿಸುತ್ತಿದ್ದೇನೆ. ಓದಿದ್ದು ಜಾಸ್ತಿ ಸಾಹಿತ್ಯ, ಆದರೆ ನನ್ನನ್ನು ಹಿಡಿದಿರುವುದು ವ್ಯಾಕರಣ. 'ಬೆಓ ಲಾ ಕಾಸಾ' ಅಂದರೆ ಮನೆ ನೋಡುತ್ತೇನೆ. ಮರಿಯಾಳನ್ನು ನೋಡಿದರೆ 'ಬೆಓ ಆ ಮರಿಯಾ', ನಡುವೆ ಆ 'ಆ' ಬರಲೇಬೇಕು. ನಮ್ಮಲ್ಲೂ 'ಮನೆ ನೋಡಿದೆ' ನಡೆಯುತ್ತದೆ, ಮರಿಯಾಗೆ ಮಾತ್ರ 'ಅನ್ನು' ಬೇಕೇ ಬೇಕು, ಅಲ್ವಾ? ಇದರ ಮೇಲೇ ಕೆಲಸ ಮಾಡುವ ಆಸೆ. ಅಮೆರಿಕವೋ, ಮೆಕ್ಸಿಕೋವೋ? ಮನೆಯಲ್ಲಿ ದುಡ್ಡು ಕೇಳುವ ಹಾಗಿಲ್ಲ.

ಉತ್ತರ 1:
ಅಮೆರಿಕದಲ್ಲಿ ಓದುತ್ತಿದ್ದೇನೆ. ಇಲ್ಲಿ ಪಿಎಚ್‌ಡಿ ಮಾಡುವವರು ಸಾಮಾನ್ಯವಾಗಿ ಡಿಗ್ರಿ ಹುಡುಗರಿಗೆ ಸ್ಪ್ಯಾನಿಷ್ ಪಾಠ ಮಾಡುತ್ತಾರೆ. ಅದಕ್ಕೆ ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್. 'ಇರು' ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿರುವ ಎರಡು ಕ್ರಿಯಾಪದಗಳಾದ 'ಸೇರ್', 'ಎಸ್ತಾರ್' ವ್ಯತ್ಯಾಸ ಹೇಳಿ ಹೇಳಿ ಗಂಟಲು ಒಣಗುತ್ತದೆ, ಆದರೂ ಖುಷಿಯ ಕೆಲಸ. ಸುಮ್ನೆ ರ‍್ಯಾಂಕಿಂಗ್ ನೋಡಬೇಡಿ. ವಿಭಾಗದಲ್ಲಿ ವಾಕ್ಯರಚನೆಯ ಮೇಲೆ ಕೆಲಸ ಮಾಡುವವರು ಒಬ್ಬರೇ ಇದ್ದರೆ ಬೇಡ. ಅವರು ಬೇರೆ ಕಡೆ ಹೋದರೆ ನಿಮಗೆ ಗೈಡೇ ಇರುವುದಿಲ್ಲ.

ಉತ್ತರ 2:
ಮೆಕ್ಸಿಕೋ ಕೈಬಿಡಬೇಡಿ. ಉನಾಮ್ (ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯ), ಕೊಲೆಹಿಯೋ ದೆ ಮೆಹಿಕೋ (ಉನ್ನತ ಶಿಕ್ಷಣ, ಸಂಶೋಧನೆಯ ಸಂಸ್ಥೆ) ಎರಡರಲ್ಲೂ ಭಾಷಾವಿಜ್ಞಾನದ ಪಿಎಚ್‌ಡಿ ಇದೆ. ಮೆಕ್ಸಿಕೋ ಸ್ಪ್ಯಾನಿಷ್‌ನ ದೊಡ್ಡ ನಿಘಂಟು ತಯಾರಾಗಿದ್ದೇ ಕೊಲೆಹಿಯೋದಲ್ಲಿ. ಸ್ಪ್ಯಾನಿಷ್‌ನಲ್ಲೇ ಬರೆಯಬೇಕು, ಹಾಗಾಗಿ ಸ್ಪ್ಯಾನಿಷ್ ಭಾಷಾ ಪರೀಕ್ಷೆ ದೆಲೆಯ ಸಿ1 ಮಟ್ಟ ಮುಗಿಸಿಕೊಳ್ಳಿ. ಆ ಪರೀಕ್ಷೆ ನಡೆಸುವ ಸ್ಪೇನ್‌ನ ಸೆರ್ವಾಂತೆಸ್ ಸಂಸ್ಥೆಯ ದೆಹಲಿ ಕೇಂದ್ರ ನಿಮಗೆ ಹತ್ತಿರ.

ಉತ್ತರ 1:
ಇನ್ನೊಂದು. ಅರ್ಜಿಗೆ ಸಾಹಿತ್ಯದ ಪ್ರಬಂಧ ಕಳಿಸಬೇಡಿ. ಮೇಲೆ ಬರೆದಿರುವ 'ಆ', 'ಅನ್ನು' ವಿಷಯವನ್ನೇ ಬೆಳೆಸಿ ಕಳಿಸಿ. 'ಅನ್ನು' ಇಲ್ಲದೆ 'ನಾನು ಒಂದು ಹುಡುಗಿ ನೋಡಿದೆ' ಅನ್ನುವಾಗ ಏನಾಗುತ್ತದೆ, ಅದನ್ನೂ ಸೇರಿಸಿ.