ಚಿಕ್ಕಮ್ಮ ಕೇಳಿದ ಆ ಹಗುರ ಲ್ಯಾಪ್‌ಟಾಪ್ ಬಗ್ಗೆ

ಚಿಕ್ಕಮ್ಮ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ನನ್ನ ಬೆರಳು ಸವೆಯುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕೆಲಸ ಮಾಡಿಕೊಂಡೇ ಕೇಳಿ.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಪುಟ್ಟಿಯ ಕಾಲೇಜಿಗೆ ಅಂತ ಚಿಕ್ಕಮ್ಮ ನೋಡಿಟ್ಟಿರುವುದು 14 ಇಂಚಿನದು, ತೂಕ 1.2 ಕೆಜಿ. ಇಂಟೆಲ್ ಎನ್100 ಪ್ರೊಸೆಸರ್, ತೆರೆದಿಟ್ಟ ಕೆಲಸ ಹಿಡಿದಿಡುವ 8 ಜಿಬಿ ರ‍್ಯಾಮ್, ಫೈಲ್ ಉಳಿಸಿಡುವ 128 ಜಿಬಿ ಇಎಂಎಂಸಿ ಸ್ಟೋರೇಜ್, ಅದೇನು ಅಂತ ಮುಂದೆ ಹೇಳುತ್ತೇನೆ. ಇಷ್ಟು ಹಗುರ, ಇಷ್ಟು ಅಗ್ಗ ಅಂದರೆ ಎಲ್ಲೋ ಮೋಸ ಇರಬೇಕು ಅಂತ ಚಿಕ್ಕಪ್ಪನ ಅನುಮಾನ.

ಮೋಸ ಏನಿಲ್ಲ. ಆದರೆ ತೂಕ, ಬೆಲೆ ಎರಡನ್ನೂ ಒಟ್ಟಿಗೆ ಇಳಿಸಬೇಕು ಅಂದರೆ ಕಂಪನಿಯವರು ಎಲ್ಲಾದರೂ ಕೈ ಬಿಗಿ ಹಿಡಿಯಲೇಬೇಕಲ್ವಾ? ಪ್ಲಾಸ್ಟಿಕ್ ಬಾಡಿ, ಚಿಕ್ಕ ಬ್ಯಾಟರಿ, ಒಳಗಿನ ಮುಖ್ಯ ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್, ಮಂಕು ಸ್ಕ್ರೀನ್. ಇದರಲ್ಲಿ ಕೆಲವನ್ನು ಸಹಿಸಿಕೊಳ್ಳಬಹುದು. ಆಮೇಲೆ ಬದಲಿಸಲು ಆಗದೇ ಇರುವುದರಲ್ಲಿ ಮಾತ್ರ ರಾಜಿ ಬೇಡ ಅನ್ನುತ್ತೇನೆ ನಾನು.

ಪ್ರೊಸೆಸರ್ ಬಗ್ಗೆ ಹೆದರಬೇಡಿ. ಎನ್100 ಬಂದಿದ್ದು 2023ರಲ್ಲಿ. ನಾಲ್ಕು ಕೋರ್, ಕರೆಂಟ್ ಬಹಳ ಕಡಿಮೆ ಕುಡಿಯುತ್ತದೆ, ರೇಟಿಂಗೇ 6 ವ್ಯಾಟ್. ಅದಕ್ಕೇ ಕೆಲವು ಮಾಡೆಲ್‌ಗಳಲ್ಲಿ ಫ್ಯಾನೇ ಇರುವುದಿಲ್ಲ. ಒಂಚೂರೂ ಸದ್ದಿಲ್ಲ, ಲೈಬ್ರರಿಯಲ್ಲಿ ಕೂತವರಿಗೆ ಅದೇ ದೊಡ್ಡ ಸುಖ. ನೋಟ್ಸ್, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಯೂಟ್ಯೂಬ್ ಎಲ್ಲಾ ಆರಾಮಾಗಿ ನಡೆಯುತ್ತದೆ. ವಿಡಿಯೋ ಎಡಿಟಿಂಗ್, ಫೋನ್ ಆಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ, ದೊಡ್ಡ ಗೇಮ್ ಇವೆಲ್ಲ ಅದರ ಕೈಲಾಗಲ್ಲ. ಫ್ಯಾನ್ ಇಲ್ಲದ್ದು ಬಿಸಿಯಾದರೆ ತಾನಾಗೇ ಸ್ಪೀಡ್ ಇಳಿಸಿಕೊಳ್ಳುತ್ತದೆ, ಅದು ಕೆಟ್ಟಿದೆ ಅಂತ ಅಲ್ಲ.

ನನಗೆ ತಕರಾರು ಇರುವುದು ಆ ಇಎಂಎಂಸಿ ಬಗ್ಗೆ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಇದು ಫೋನಿನಲ್ಲಿ ಹಾಕುವ ಜಾತಿಯ ಸ್ಟೋರೇಜ್. ಇಎಂಎಂಸಿ 5.1ರ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ. ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ ಕೂಡ 2000 ಎಂಬಿ ದಾಟುತ್ತದೆ, ಅದು ಕಂಪ್ಯೂಟರಿಗೆ ಹಾಕುವ ವೇಗದ ಸ್ಟೋರೇಜ್. ಈಗ ಪುಟ್ಟಿ ಒಂದು ಕಡೆ ವಿಡಿಯೋ ಕಾಲ್, ಇನ್ನೊಂದು ಕಡೆ ಬ್ರೌಸರ್‌ನಲ್ಲಿ ರಾಶಿ ಟ್ಯಾಬ್ ತೆರೆದಳು ಅಂದುಕೊಳ್ಳಿ. 8 ಜಿಬಿ ರ‍್ಯಾಮ್ ತುಂಬುತ್ತದೆ. ಅದರಲ್ಲಿ ಗ್ರಾಫಿಕ್ಸ್‌ಗೂ ಒಂದು ಪಾಲು ಹೋಗಿರುತ್ತದೆ. ಜಾಗ ಸಾಲದಾಗ ವಿಂಡೋಸ್ ಹೆಚ್ಚುವರಿಯನ್ನು ಸ್ಟೋರೇಜ್‌ಗೆ ತಳ್ಳುತ್ತದೆ. ಅಲ್ಲಿ ಎಸ್‌ಎಸ್‌ಡಿ ಇದ್ದರೆ ಗೊತ್ತೇ ಆಗಲ್ಲ. ಇಎಂಎಂಸಿ ಇದ್ದರೆ ಮೌಸ್ ಬಾಣ ನಿಂತಲ್ಲೇ ನಿಲ್ಲುತ್ತದೆ, ಟೈಪ್ ಮಾಡಿದ ಅಕ್ಷರ ಆಮೇಲೆ ಒಟ್ಟಿಗೆ ಸುರಿಯುತ್ತದೆ. ಜನ ಪ್ರೊಸೆಸರ್‌ಗೆ ಬೈಯುತ್ತಾರೆ, ಪಾಪ!

ಇನ್ನೊಂದು. 128 ಅಂತ ಬರೆದಿದ್ದರೂ ವಿಂಡೋಸ್‌ನಲ್ಲಿ ಕಾಣಿಸುವುದು 119 ಜಿಬಿ ಆಸುಪಾಸು. ಸಿಸ್ಟಮ್ಮೇ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಇಲ್ಲ ಅಂತ ಗೋಳು. ಇಎಂಎಂಸಿ ಕೂಡ ಬೋರ್ಡಿಗೇ ಅಂಟಿರುತ್ತದೆ, ಬೋರ್ಡ್ ಕೈಕೊಟ್ಟರೆ ಒಳಗಿನ ಫೈಲ್ ಹೊರತೆಗೆಯುವುದು ಕಷ್ಟ. ಹಾಗಾಗಿ ಅದೇ ಎನ್100 ಇರಲಿ, ಆದರೆ ಎನ್‌ವಿಎಂಇ ಎಸ್‌ಎಸ್‌ಡಿ, 256 ಜಿಬಿಯದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಅದನ್ನೇ ತಗೊಳ್ಳಿ. 4 ಜಿಬಿ ರ‍್ಯಾಮ್‌ದು ಯಾರಾದರೂ ತೋರಿಸಿದರೆ ಸುಮ್ನೆ ಎದ್ದು ಬನ್ನಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ, ನಿಜ. ಆನ್ ಆಗಲು ಸಾಕು ಅಷ್ಟೇ.

ಸ್ಕ್ರೀನ್ ಅನ್ನು ಕಣ್ಣಾರೆ ನೋಡಿ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಬಾಗಿಸಿ. ಮುಖದ ಫೋಟೋ ಒಂದು ಕೋನದಲ್ಲಿ ಬಿಳಿಚಿಕೊಂಡು, ಇನ್ನೊಂದರಲ್ಲಿ ಕಪ್ಪಾಗಿ ಕಂಡರೆ ಅದು ಟಿಎನ್ ಅನ್ನುವ ಅಗ್ಗದ ಜಾತಿಯ ಸ್ಕ್ರೀನ್, ಬೇಡ. ಐಪಿಎಸ್ ಅನ್ನುವ ಜಾತಿಯಲ್ಲಿ ಹಾಗಾಗಲ್ಲ. ಹೊಳಪು ಈ ದರ್ಜೆಯಲ್ಲಿ ಸಾಮಾನ್ಯವಾಗಿ 250 ನಿಟ್ಸ್. ಕೋಣೆಯೊಳಗೆ ಸಾಕು, ಬಿಸಿಲಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಹಾಗೇ ಕೀಬೋರ್ಡಿನ ನಟ್ಟನಡುವೆ ಒತ್ತಿ ನೋಡಿ, ಪೂರ್ತಿ ತಗ್ಗಿದರೆ ದಿನವಿಡೀ ಟೈಪ್ ಮಾಡುವವರಿಗೆ ಕಿರಿಕಿರಿ. ಕೀ ಹಿಂದೆ ಲೈಟ್ ಇಲ್ಲದಿದ್ದರೆ ಪರವಾಗಿಲ್ಲ.

ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಅನ್ನುವ ಜಾಹೀರಾತು ಮಾತನ್ನು ಬದಿಗಿಡಿ. ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಲೆಕ್ಕ, ಎಷ್ಟು ಅಂತ ಕೇಳಿ. 38 ಇದ್ದು, ಮೆಷಿನ್ ಸರಾಸರಿ 6 ವ್ಯಾಟ್ ತಿಂದರೆ ಆರು ಗಂಟೆ ಚಿಲ್ಲರೆ. ವಿಡಿಯೋ ಕಾಲ್‌ನಲ್ಲಿ 10 ವ್ಯಾಟ್ ತಿಂದರೆ ನಾಲ್ಕು ಗಂಟೆಯೂ ಇಲ್ಲ. ಟೈಪ್ ಸಿ ಚಾರ್ಜಿಂಗ್ ಇದೆಯಾ ಅಂತಲೂ ಕೇಳಿ. ಕೆಲವದರಲ್ಲಿ ಟೈಪ್ ಸಿ ಕಿಂಡಿ ಇರುತ್ತದೆ, ಆದರೆ ಅದು ಡೇಟಾಗೆ ಮಾತ್ರ. ಅಂದಹಾಗೆ ಆ 1.2 ಕೆಜಿಯಲ್ಲಿ ಚಾರ್ಜರ್ ತೂಕ ಸೇರಿಲ್ಲ! ದಪ್ಪ ಇಟ್ಟಿಗೆ ಚಾರ್ಜರ್ ಬಂದರೆ ಬ್ಯಾಗ್ ಮತ್ತೆ ಭಾರ.

ಅಣ್ಣ ಹಳೇ ಆಫೀಸ್ ಲ್ಯಾಪ್‌ಟಾಪ್ ರಿಫರ್ಬಿಶ್ಡ್, ಅಂದರೆ ರಿಪೇರಿ ಮಾಡಿ ಮತ್ತೆ ಮಾರುವಂಥದ್ದು, ತಗೊಳ್ಳಿ ಅಂದಿದ್ದ. ಅದೂ ಒಳ್ಳೆ ದಾರಿನೇ, ಕೀಬೋರ್ಡ್, ಬಾಡಿ ಎರಡೂ ಗಟ್ಟಿ ಇರುತ್ತವೆ. ಆದರೆ ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಿಂದಿನದು ಬೇಡ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅಷ್ಟು ಹಳೆಯದರಲ್ಲಿ 11 ನೇರವಾಗಿ ಕೂರಲ್ಲ. ಬ್ಯಾಟರಿ ಎಷ್ಟು ಸವೆದಿದೆ ಅನ್ನುವುದನ್ನು ವಿಂಡೋಸೇ ರಿಪೋರ್ಟ್ ಕೊಡುತ್ತದೆ, ಅದನ್ನು ನಾನು ತೆಗೆದು ತೋರಿಸುತ್ತೇನೆ.

ಪುಟ್ಟಿ ಕಾಮರ್ಸ್ ಅಂದರೆ ಎಸ್‌ಎಸ್‌ಡಿ ಇರುವ ಎನ್100 ಕಣ್ಣು ಮುಚ್ಚಿ ತಗೊಳ್ಳಿ. ಮನಸ್ಸು ಬದಲಾಯಿಸಿ ಕಂಪ್ಯೂಟರ್ ಸೈನ್ಸ್ ಸೇರಿದರೆ ಹಗುರದ ಆಸೆ ಸ್ವಲ್ಪ ಬಿಟ್ಟು, ಒಂದೂವರೆ ಕೆಜಿಯದ್ದಾದರೂ ಸರಿ, 16 ಜಿಬಿ ರ‍್ಯಾಮ್ ಇರುವುದನ್ನು ನೋಡೋಣ. ಯಾವುದಕ್ಕೂ ದುಡ್ಡು ಕೊಡುವ ಮುಂಚೆ ಮಾಡೆಲ್ ನಂಬರ್‌ನ ಫೋಟೋ ಹಾಕಿ, ಕೊನೆಯ ಅಕ್ಷರಗಳೂ ಕಾಣಬೇಕು. ಒಂದೇ ಹೆಸರಿನಲ್ಲಿ ಇಎಂಎಂಸಿದೂ ಎಸ್‌ಎಸ್‌ಡಿದೂ ಎರಡೂ ಮಾರುತ್ತಾರೆ.