ಮಲೇರಿಯಾ ಲಸಿಕೆ ಹಾಕಿಸಿದರೂ ಜ್ವರ ಯಾಕೆ? ಮಕ್ಕಳ ಡಾಕ್ಟರನ್ನು ಕೇಳಿ

ಅಡ್ಮಿನ್: ಕೀನ್ಯಾದಲ್ಲಿರುವ ನಮ್ಮ ಕನ್ನಡ ಪಾಲಕರ ಗುಂಪಿಗೆ ಇವತ್ತು ಮಕ್ಕಳ ಡಾಕ್ಟರ್ ಬಂದಿದ್ದಾರೆ. ಮಲೇರಿಯಾ ಲಸಿಕೆ ಬಗ್ಗೆ ಮಾತ್ರ ಕೇಳಿ.

ಕಿಸುಮು ಅಮ್ಮ: ನಮಸ್ತೆ ಮೇಡಂ. ಮಗಳಿಗೆ 20 ತಿಂಗಳು. 6, 7, 9ನೇ ತಿಂಗಳಲ್ಲಿ ಮೂರು ಡೋಸ್ ಆಗಿದೆ. ಆದರೂ ಎರಡು ಸಲ ಮಲೇರಿಯಾ ಬಂತು. ಅವಳ ಮೈಗೆ ಲಸಿಕೆ ಹತ್ತಲಿಲ್ವಾ? ಇನ್ನು ನಾಲ್ಕನೇದು ಸುಮ್ನೆ ಯಾಕೆ ಅಂತಾರೆ ನಮ್ಮತ್ತೆ.

ಡಾಕ್ಟರ್: ಹತ್ತಿರುತ್ತದೆ. ಸೊಳ್ಳೆ ಕಚ್ಚಿದಾಗ ಒಳಗೆ ಬರುವ ಪರಾವಲಂಬಿಗಳು, ಅಂದರೆ ಮಲೇರಿಯಾ ತರುವ ಸೂಕ್ಷ್ಮ ಜೀವಿಗಳು, ತೀರಾ ಕಡಿಮೆ. ಅವು ರಕ್ತ ಸೇರಿದರೆ ಲಿವರ್‌ಗೆ ಹೋಗಲು ನಿಮಿಷಗಳು ಸಾಕು. ಲಸಿಕೆಯಿಂದ ಮೈಯಲ್ಲಿ ಹುಟ್ಟುವ ಆಂಟಿಬಾಡಿ (ರೋಗ ತಡೆಯುವ ಪ್ರೋಟೀನ್) ಅಷ್ಟರೊಳಗೆ ಅವನ್ನು ಹಿಡಿಯಬೇಕು. ಒಂದು ತಪ್ಪಿಸಿಕೊಂಡರೂ ಸಾಕು, ಸುಮಾರು ಒಂದು ವಾರದಲ್ಲಿ ಲಿವರ್‌ನಿಂದ ಸಾವಿರಾರು ಹೊರಬರುತ್ತವೆ. ಆಗ ಅವುಗಳ ಹೊದಿಕೆಯೇ ಬೇರೆ. ಈ ಆಂಟಿಬಾಡಿಗೆ ಗುರುತು ಸಿಗುವುದಿಲ್ಲ. ಜ್ವರ ಬಂತು ಅಂದರೆ ಮಗುವಿನ ಮೈ ಏನೂ ಕಲಿತಿಲ್ಲ ಅಂತಲ್ಲ.

ಮೂರನೇ ಡೋಸ್ ಆದ ಮೇಲೆ ಆಂಟಿಬಾಡಿ ತುಂಬಾ ಏರುತ್ತದೆ. ಮೊದಲ ಕೆಲವು ತಿಂಗಳು ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ನಿಮ್ಮ ಮಗಳಿಗೆ 11 ತಿಂಗಳು ಕಳೆದಿದೆ. ನಾಲ್ಕನೇದು ಬೇಕಾಗಿರುವುದೇ ಈಗ. ಆಫ್ರಿಕಾದ 7 ದೇಶಗಳಲ್ಲಿ 2009ರಿಂದ 2014ರವರೆಗೆ ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯ ದೊಡ್ಡ ಪ್ರಯೋಗ ನಡೆಯಿತು. 5ರಿಂದ 17 ತಿಂಗಳೊಳಗೆ ಶುರು ಮಾಡಿ ನಾಲ್ಕೂ ಡೋಸ್ ಪಡೆದ ಮಕ್ಕಳಲ್ಲಿ ನಾಲ್ಕು ವರ್ಷಗಳಲ್ಲಿ ಮಲೇರಿಯಾ 36% ಕಡಿಮೆಯಾಯಿತು. ಮೂರಕ್ಕೇ ನಿಲ್ಲಿಸಿದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಕೊನೆವರೆಗೆ ಉಳಿಯಲಿಲ್ಲ. ಅತ್ತೆಯವರಿಗೆ ಇದನ್ನೇ ಹೇಳಿ.

ಒಂದು ಅನುಮಾನ. ಎರಡು ಜ್ವರಗಳ ನಡುವೆ ಎಷ್ಟು ದಿನ? ಪರೀಕ್ಷೆ ಹೇಗೆ ಮಾಡಿದರು?

ಕಿಸುಮು ಅಮ್ಮ: 16 ದಿನ ಮೇಡಂ. ಬೆರಳು ಚುಚ್ಚಿ ಪಟ್ಟಿ ಪರೀಕ್ಷೆ. ಎರಡನೇ ಸಲ ಗೆರೆ ತುಂಬಾ ಮಸುಕಾಗಿತ್ತು.

ಡಾಕ್ಟರ್: ಹಾಗಾದರೆ ಅದು ಹೊಸ ಮಲೇರಿಯಾ ಆಗಿರಲಿಕ್ಕಿಲ್ಲ. ವಾಸಿಯಾದ ಮೇಲೂ ಕೆಲವು ವಾರ ಪಟ್ಟಿಯಲ್ಲಿ ಗೆರೆ ಕಾಣಿಸಬಹುದು. ಇಷ್ಟು ಹತ್ತಿರದಲ್ಲಿ ಮತ್ತೆ ಜ್ವರ ಬಂದರೆ ಗಾಜಿನ ಮೇಲೆ ರಕ್ತ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಲು ಹೇಳಿ. ಬೇರೆ ಜ್ವರ ತಪ್ಪಿಹೋಗಬಾರದು ನೋಡಿ.

ನೈರೋಬಿ ಸದಸ್ಯ: ದೊಡ್ಡವರಿಗೂ ಲಸಿಕೆ ಇದೆಯಾ?

ಡಾಕ್ಟರ್: ಇಲ್ಲ. ಇದು ಪುಟ್ಟ ಮಕ್ಕಳಿಗೆ.

ಕಕಮೇಗಾ ಸದಸ್ಯೆ: ಫಾರ್ವರ್ಡ್ ಬಂದಿದೆ, ನೋಡಿ. ಆರ್ಟಿಮಿಸಿಯಾ ಎಲೆ ಚಹಾ ಕೊಟ್ಟರೆ ಇಮ್ಯೂನಿಟಿ ತಾನಾಗೇ ಬರುತ್ತಂತೆ, ಲಸಿಕೆ ಬೇಡವಂತೆ.

ಡಾಕ್ಟರ್: ಕೊಡಬೇಡಿ. ಅದರಿಂದ ಇಮ್ಯೂನಿಟಿ ಬರುವುದಿಲ್ಲ.

ಕಕಮೇಗಾ ಸದಸ್ಯೆ: ಮಲೇರಿಯಾ ಮಾತ್ರೆಯೂ ಅದೇ ಗಿಡದ್ದು ಅಲ್ವಾ?

ಡಾಕ್ಟರ್: ಹೌದು, ಅದಕ್ಕೇ ಭಯ. ಮಾತ್ರೆಯಲ್ಲಿ ಅಳತೆ ಇದೆ, ಜೊತೆಗೆ ಇನ್ನೊಂದು ಔಷಧಿ ಇದೆ. ಚಹಾದಲ್ಲಿ ಎರಡೂ ಇಲ್ಲ. ಅರೆಬರೆ ಔಷಧಿಗೆ ಸಾಯದೆ ಉಳಿದ ಪರಾವಲಂಬಿ ನಾಳೆ ಮಾತ್ರೆಗೂ ಬಗ್ಗದೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಈ ಚಹಾ ಬೇಡ ಎನ್ನುತ್ತದೆ. ದಯವಿಟ್ಟು ಇನ್ನು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹಿರಿಯ ಸದಸ್ಯ: ನಾವೆಲ್ಲ ಹತ್ತಾರು ಸಲ ಮಲೇರಿಯಾ ಬಂದೇ ಗಟ್ಟಿಯಾದವರು. ಈಗಿನವರಿಗೆ ಎಲ್ಲದಕ್ಕೂ ಸೂಜಿ ಬೇಕು.

ಕಿಸುಮು ಅಮ್ಮ: ನೀವು ಉಳಿದಿರಿ ಅಂಕಲ್. ಉಳಿಯದ ಮಕ್ಕಳು ಬಂದು ಇಲ್ಲಿ ಬರೆಯುವುದಿಲ್ಲ.

ಹಿರಿಯ ಸದಸ್ಯ: ಹಿರಿಯರ ಹತ್ತಿರ ಹೀಗಾ ಮಾತಾಡೋದು?

ನೈರೋಬಿ ಸದಸ್ಯ: ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನೀವು ಹೇಳಿದ್ದೇ ಜಾಸ್ತಿಯಾಯಿತು.

ಡಾಕ್ಟರ್: ಆ ಗಟ್ಟಿತನ ಮತ್ತೆ ಮತ್ತೆ ಮಲೇರಿಯಾ ಬಂದು ವರ್ಷಗಟ್ಟಲೆ ಕಳೆದ ಮೇಲೆ ಬರುವುದು. ಅಷ್ಟರೊಳಗೇ ಮಕ್ಕಳು ಹೋಗುತ್ತಾರೆ. ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವ ನಾಲ್ವರಲ್ಲಿ ಸುಮಾರು ಮೂವರು 5 ವರ್ಷದೊಳಗಿನವರು. ಈ ಜಗಳ ಸಾಕು.

ಬುಸಿಯಾ ಅಮ್ಮ: ಮೊದಲ ಡೋಸ್ ಆರ್‌ಟಿಎಸ್,ಎಸ್. ಮುಂದಿನದು ಇನ್ನೊಂದು ಮಲೇರಿಯಾ ಲಸಿಕೆ ಆರ್21 ಕೊಟ್ಟರೆ ನಡೆಯುತ್ತಾ?

ಹೋಮಾ ಬೇ ಅಪ್ಪ: ಮೇಡಂ, ಮಗನಿಗೆ 7 ತಿಂಗಳು. ಎರಡನೇ ಡೋಸ್ ಆಗಿ ಐದು ದಿನ. ಮರುದಿನ ಜ್ವರ ಬಂದು ಇಳಿದಿತ್ತು. ನಿನ್ನೆಯಿಂದ ಮತ್ತೆ ಇದೆ. ಲಸಿಕೆ ಜ್ವರ ಅಂತ ಪ್ಯಾರಸಿಟಮಾಲ್ ಕೊಡುತ್ತಿದ್ದೇವೆ. ಹಾಲು ಕುಡಿಯುತ್ತಿಲ್ಲ, ಎಬ್ಬಿಸಿದರೂ ಕಣ್ಣು ಮುಚ್ಚುತ್ತಾನೆ.

ಡಾಕ್ಟರ್: ಈಗಲೇ ಆಸ್ಪತ್ರೆಗೆ ಹೊರಡಿ. ಲಸಿಕೆ ಜ್ವರ ಸಾಮಾನ್ಯವಾಗಿ ಒಂದೆರಡು ದಿನದ್ದು, ಬಿಟ್ಟು ಮತ್ತೆ ಬಂದದ್ದನ್ನು ಅದರ ಲೆಕ್ಕಕ್ಕೆ ಹಾಕಬೇಡಿ. ಈ ಲಸಿಕೆ ಆದ ಮೊದಲ ವಾರದಲ್ಲಿ ಜ್ವರದ ಜೊತೆ ಫಿಟ್ಸ್ ಬರುವುದೂ ಇದೆ. ಎರಡು ಡೋಸಿನ ರಕ್ಷಣೆ ನಂಬಿ ಕೂರಬೇಡಿ. ಮಲೇರಿಯಾ ಪರೀಕ್ಷೆ ಮತ್ತು ರಕ್ತದ ಸಕ್ಕರೆ ಎರಡೂ ನೋಡಲು ಹೇಳಿ. ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಿ.

ಕಕಮೇಗಾ ಸದಸ್ಯೆ: ಪಪ್ಪಾಯಿ ಎಲೆ ರಸ...

ಡಾಕ್ಟರ್: ಸಾಕು ಮಾಡಿ. ಅರೆಪ್ರಜ್ಞೆಯಲ್ಲಿರುವ ಮಗುವಿನ ಬಾಯಿಗೆ ರಸ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಡ್ಮಿನ್, ಅದನ್ನು ಅಳಿಸಿ.

ಹೊಸ ಸದಸ್ಯ: ದೊಡ್ಡವರೂ ಹಾಕಿಸಿಕೊಳ್ಳಬಹುದಾ?

ಡಾಕ್ಟರ್: ಮೇಲೆ ಓದಿ.

ಹೋಮಾ ಬೇ ಅಪ್ಪ: ಪಾಸಿಟಿವ್. ಸಕ್ಕರೆಯೂ ಕಡಿಮೆ ಇತ್ತಂತೆ. ಡ್ರಿಪ್ ಹಾಕಿದ್ದಾರೆ, ಈಗ ಅಳುತ್ತಿದ್ದಾನೆ.

ಡಾಕ್ಟರ್: ಅಳಲಿ, ಒಳ್ಳೆಯದು. ಮಲೇರಿಯಾ ಔಷಧಿಯ ಇಂಜೆಕ್ಷನ್ ಆದ ಮೇಲೆ ಮೂರು ದಿನದ ಸಿರಪ್ಪೋ ಮಾತ್ರೆಯೋ ಕೊಡುತ್ತಾರೆ, ಒಂದು ಹೊತ್ತೂ ಬಿಡಬೇಡಿ. ವಾಂತಿ ಮಾಡಿದರೆ ತಕ್ಷಣ ನರ್ಸ್‌ಗೆ ತಿಳಿಸಿ. ಗುಣವಾದ ಮೇಲೆ ಮೂರನೇ ಡೋಸಿಗೆ ಕರೆದುಕೊಂಡು ಹೋಗಿ.